ತಂಬಿಗೆಯ ಬಾಯಿ ದುಂಡಗಿಲ್ಲ

ಹೋದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುತ್ತ ‘ಬಿ.ಕಾಂ. ಓದುವ ಹುಡುಗನೂ ವಾರಕ್ಕೆ ಎರಡು ಗಂಟೆ ಪೆನ್ಸಿಲ್ ಹಿಡಿದು ಚಿತ್ರ ಬರೆಯಲಿ’ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಇಷ್ಟು ಕಾಗದ ಬಂದಾವು ಅಂದುಕೊಂಡಿರಲಿಲ್ಲ. ಅರ್ಧದಷ್ಟು ಬೈಗುಳ. ಬೈದವರ ಅಕ್ಷರವೇ ಚೆನ್ನಾಗಿತ್ತು, ಅದು ಬೇರೆ ಮಾತು. ಈ ತಿಂಗಳ ಅಂಕಣವನ್ನು ಆ ಕಾಗದಗಳಿಗೇ ಬಿಟ್ಟುಕೊಟ್ಟಿದ್ದೇನೆ. ಹೋಂವರ್ಕ್ ಮಾಡದ ಮಗನ ಬಗ್ಗೆ ಬಂದ ಎರಡು ಪತ್ರಗಳು ಮುಂದಿನ ಸಲಕ್ಕೆ. ಅಲ್ಲಿಯವರೆಗೆ ಆ ಹುಡುಗನನ್ನು ಸ್ವಲ್ಪ ಅವನ ಪಾಡಿಗೆ ಬಿಡಿ.

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನದಲ್ಲಿ ಶೇ 94 ತೆಗೆದಿದ್ದಾಳೆ. ನೀಟ್ ಬೇಡ, ಸಿಇಟಿಯೂ ಬೇಡ, ‘ಲಿಬರಲ್ ಆರ್ಟ್ಸ್’ ಓದುತ್ತೇನೆ ಅನ್ನುತ್ತಾಳೆ. ಅರ್ಥಶಾಸ್ತ್ರ ಮುಖ್ಯ ವಿಷಯವಂತೆ, ಜೊತೆಗೆ ನಾಟಕ ಮತ್ತು ಚಿತ್ರಕಲೆಯಂತೆ. ಅವರಪ್ಪ ಅವಳೊಡನೆ ಮಾತು ಬಿಟ್ಟಿದ್ದಾರೆ. ನನ್ನ ನಾದಿನಿ ‘ಇಷ್ಟು ಓದಿ ಗೋಡೆಗೆ ಬಣ್ಣ ಬಳೀತಾಳಂತಾ?’ ಅಂದಳು. ನನಗೆ ಆ ಓದು ಏನೆಂದೇ ಗೊತ್ತಿಲ್ಲ. ಫೀಸು ಕೇಳಿ ಎದೆ ಧಸಕ್ಕೆಂದಿತು. ಏನು ಹೇಳುತ್ತೀರಿ ಟೀಚರ್?
— ಒಬ್ಬ ತಾಯಿ, ತುಮಕೂರು

ಮೊದಲು ನಾದಿನಿಯವರ ಮಾತು ಮುಗಿಸಿಬಿಡೋಣ. ಗೋಡೆಗೆ ಬಣ್ಣ ಬಳಿಯುವವರ ದಿನಗೂಲಿ ಈಗ ಎಷ್ಟಾಗಿದೆ ಅಂತ ಒಮ್ಮೆ ವಿಚಾರಿಸಲು ಹೇಳಿ. ಆಮೇಲೆ ಅವರು ಆ ಉದಾಹರಣೆ ಕೊಡುವುದಿಲ್ಲ.

ಇನ್ನು ಮಗಳ ವಿಷಯ. ಅದಕ್ಕೆ ಮುಂಚೆ ಒಂದು ತಂಬಿಗೆಯ ಕಥೆ ಕೇಳಬೇಕು ನೀವು.

ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತಳಾದ ಮೇಲೆ, ಶಿವಮೊಗ್ಗದ ಒಂದು ಕಾಲೇಜಿನವರು ಅತಿಥಿ ಉಪನ್ಯಾಸಕಿಯಾಗಿ ಕರೆದರು. 2021ರಲ್ಲಿ ಹೊಸ ಶಿಕ್ಷಣ ನೀತಿಯ ಪ್ರಕಾರ ಪದವಿ ತರಗತಿಗಳಿಗೆ ‘ಓಪನ್ ಎಲೆಕ್ಟಿವ್’ ಬಂತಲ್ಲ, ಬಿ.ಎಸ್ಸಿ. ಓದುವವರು ಬೇರೆ ವಿಭಾಗದ ಒಂದು ವಿಷಯವನ್ನೂ ಆರಿಸಿಕೊಳ್ಳಬಹುದು ಅಂತ, ಅದಕ್ಕೆ. (2024ರಲ್ಲಿ ನಮ್ಮ ರಾಜ್ಯ ಆ ನೀತಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ ಅಂತ ಮಕ್ಕಳು ನಗುತ್ತಿದ್ದರು.) ನನ್ನ ತರಗತಿಗೆ ನಲವತ್ತೆರಡು ಮಂದಿ ಸೇರಿದ್ದರು. ಬಹುಪಾಲು ಬಿ.ಕಾಂ. ‘ಸುಲಭಕ್ಕೆ ಅಂಕ ಬರುತ್ತೆ ಮೇಡಂ’ ಅಂತ ಮುಖಕ್ಕೇ ಹೇಳಿದರು.

ಮೊದಲನೇ ದಿನ ಮನೆಯಿಂದ ಒಯ್ದ ಹಿತ್ತಾಳೆ ತಂಬಿಗೆಯನ್ನು ಸ್ಟೂಲಿನ ಮೇಲಿಟ್ಟು, ನಲವತ್ತು ನಿಮಿಷ ನೋಡಿ ಬರೆಯಿರಿ ಅಂದೆ. ಹತ್ತೇ ನಿಮಿಷಕ್ಕೆ ಎಲ್ಲರದ್ದೂ ಮುಗಿಯಿತು. ಹೆಚ್ಚುಕಮ್ಮಿ ಎಲ್ಲರ ತಂಬಿಗೆಗೂ ಬಾಯಿ ಬಳೆಯಂತೆ ದುಂಡಗೆ, ಬುಡ ಮಾತ್ರ ಸ್ಕೇಲಿಟ್ಟು ಎಳೆದಂತೆ ನೇರ. ಬಾಯನ್ನು ಆಕಾಶದಿಂದ ನೋಡಿದ್ದಾರೆ, ಬುಡವನ್ನು ನೆಲದ ಮೇಲೆ ಮಲಗಿ ನೋಡಿದ್ದಾರೆ! ನಾನು ತಪ್ಪು ಹೇಳಲಿಲ್ಲ. ‘ಇನ್ನೂ ಮೂವತ್ತು ನಿಮಿಷ ಇದೆ’ ಅಂದೆ ಅಷ್ಟೆ. ಮುಂದಿನ ವಾರ ಅದೇ ತಂಬಿಗೆ. ಅದರ ಮುಂದಿನ ವಾರವೂ ಅದೇ. ಗೊಣಗಾಟ ಶುರುವಾಯಿತು. ಮೂರನೇ ವಾರ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದ. ಬಗ್ಗಿ ನೋಡಿದ, ಬೆಂಚು ಹತ್ತಿ ನೋಡಿದ, ಪೆನ್ಸಿಲನ್ನು ಕಣ್ಣಿಗೆ ನೇರ ಹಿಡಿದು ಅಳತೆ ತೆಗೆದ. ‘ಮೇಡಂ, ತಂಬಿಗೆ ಬಾಯಿ ದುಂಡಗಿಲ್ಲ. ದುಂಡಗಿದೆ ಅಂತ ನಮಗೆ ಗೊತ್ತು ಅಷ್ಟೆ’ ಅಂದ.

ಮೂವತ್ತೊಂದು ವರ್ಷದಲ್ಲಿ ನಾನು ಹೇಳಿಕೊಡಲು ಒದ್ದಾಡಿದ್ದೆಲ್ಲ ಆ ಒಂದು ಮಾತಿನಲ್ಲಿತ್ತು, ತಾಯಿ. ಗೊತ್ತಿರುವುದು ಬೇರೆ, ಕಾಣುತ್ತಿರುವುದು ಬೇರೆ. ಗೊತ್ತಿರುವುದು ಕಣ್ಣಿಗೆ ಅಡ್ಡ ಬಂದು ಕೂತುಬಿಡುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದರೆ ಹುಡುಗರು ನೋಟ್ಸ್ ಮಾಡಿಕೊಂಡು ಮರೆಯುತ್ತಾರೆ. ಮೂರು ವಾರ ತಂಬಿಗೆಯ ಮುಂದೆ ಕೂತವನು ಮರೆಯುವುದಿಲ್ಲ. ಆ ಹುಡುಗ ಈಗ ಒಬ್ಬ ಆಡಿಟರ ಕೈಕೆಳಗೆ ಕೆಲಸ ಮಾಡುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ‘ಲೆಕ್ಕದ ಪುಸ್ತಕದಲ್ಲೂ ಬಾಯಿ ದುಂಡಗಿರಲ್ಲ ಮೇಡಂ’ ಅಂದು ನಕ್ಕ.

ನಿಮ್ಮ ಮಗಳು ಕೇಳುತ್ತಿರುವ ಓದಿನಲ್ಲಿ ಒಂದು ವಿಷಯವನ್ನು ಆಳವಾಗಿ ಓದಬೇಕು, ಅದರ ಜೊತೆಗೆ ನಾಲ್ಕಾರು ಬೇರೆ ವಿಷಯಗಳಲ್ಲಿ ಕೈ ಆಡಿಸಬೇಕು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪದವಿ ಕಾಲೇಜಿನಲ್ಲಿ 1947ರಿಂದ ಚಿತ್ರ–ಶಿಲ್ಪದ್ದೊಂದು, ಸಂಗೀತದ್ದೊಂದು ಕೋರ್ಸ್ ಎಲ್ಲರಿಗೂ ಕಡ್ಡಾಯ. ಭೌತಶಾಸ್ತ್ರ ಓದುವವನೂ ತಪ್ಪಿಸಿಕೊಳ್ಳುವಂತಿಲ್ಲ. ಅಷ್ಟು ದೂರ ಬೇಡ ಅಂದರೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅದೇ ಐಐಎಸ್‌ಸಿ, 2011ರಲ್ಲಿ ಪದವಿ ತರಗತಿ ಶುರು ಮಾಡಿದಾಗ ವಿಜ್ಞಾನದ ಮಕ್ಕಳಿಗೇ ಸಾಹಿತ್ಯ, ಇತಿಹಾಸದಂಥ ಮಾನವಿಕ ವಿಷಯಗಳ ಪಾಠವನ್ನೂ ಇಟ್ಟಿತು. ಅವರಪ್ಪನಿಗೆ ಈ ಹೆಸರು ಹೇಳಿ. ಗಂಡಸರು ಐಐಎಸ್‌ಸಿ ಅಂದರೆ ಸ್ವಲ್ಪ ತಗ್ಗುತ್ತಾರೆ.

ಹಾಗಂತ ಕಣ್ಣು ಮುಚ್ಚಿ ಸೇರಿಸಿ ಅನ್ನಲಾರೆ. ಜಮೀನು ಅಡವಿಟ್ಟು ಓದಿಸಬೇಕಾದಷ್ಟು ಫೀಸಿದ್ದರೆ ಬೇಡವೇ ಬೇಡ. ಸಾಲ ಹೊತ್ತ ಹುಡುಗಿ ನಾಟಕದ ತಾಲೀಮಿನಲ್ಲೂ ಕಂತಿನ ಲೆಕ್ಕವನ್ನೇ ಹಾಕುತ್ತಿರುತ್ತಾಳೆ. ಕೆಲಸ ಸಿಗುತ್ತದೆ ಅಂತಲೂ ನಾನು ಬರೆದುಕೊಡಲಾರೆ. ಎಂಜಿನಿಯರಿಂಗಿಗೂ ಯಾರೂ ಬರೆದುಕೊಡುವುದಿಲ್ಲ, ಆದರೆ ಅಲ್ಲಿ ಯಾರೂ ಕೇಳುವುದೂ ಇಲ್ಲ. ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಬಿ.ಎ. ಮಾಡಿ, ಆಮೇಲೆ ಹೆಗ್ಗೋಡಿನ ನೀನಾಸಮ್‌ನಲ್ಲಿ ಒಂದು ವರ್ಷ ರಂಗಶಿಕ್ಷಣ ಪಡೆಯುವುದು ಇನ್ನೊಂದು ದಾರಿ. ಮಗಳಿಗೆ ಇದು ರುಚಿಸಲಿಕ್ಕಿಲ್ಲ, ಆದರೂ ಹೇಳಿ ನೋಡಿ.

ದೊಡ್ಡ ಕಾಲೇಜಿಗೇ ಹೋಗುವುದಾದರೆ, ಸೇರಿಸುವ ಮುಂಚೆ ಒಮ್ಮೆ ಹೋಗಿ ಬನ್ನಿ. ಅವರು ನಿಮಗೆ ಸಭಾಂಗಣ ತೋರಿಸುತ್ತಾರೆ, ಕಾಫಿ ಕೊಡುತ್ತಾರೆ. ನೀವು ಚಿತ್ರಕಲೆಯ ಕೊಠಡಿಯ ಸಿಂಕ್ ನೋಡಿ. ಬಣ್ಣದ ಕಲೆ ಹತ್ತಿ ಕೊಳಕಾಗಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ. ಬೆಳ್ಳಗೆ ಫಳಫಳ ಹೊಳೆಯುತ್ತಿದ್ದರೆ ಅಲ್ಲಿ ಕಲೆಯ ಬಗ್ಗೆ ಭಾಷಣ ಮಾತ್ರ ನಡೆಯುತ್ತದೆ. ಭಾಷಣ ಕೇಳುವುದಕ್ಕೆ ಲಕ್ಷಗಟ್ಟಲೆ ಕೊಡಬೇಕಾಗಿಲ್ಲ.

ಪ್ರಶ್ನೆ: ನಾನು ಹೈಸ್ಕೂಲ್ ಗಣಿತ ಶಿಕ್ಷಕ. ಜನವರಿಯಿಂದಾಚೆ ಡ್ರಾಯಿಂಗ್ ಪೀರಿಯಡ್ಡನ್ನು ನಾನೇ ತೆಗೆದುಕೊಳ್ಳುತ್ತೇನೆ, ಒಪ್ಪಿಕೊಳ್ಳುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ನಿಮಗೂ ಗೊತ್ತು. ಆದರೆ ಸಂಗೀತ, ಚಿತ್ರ ಕಲಿತರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಓದಿದೆ. ನಿಜವಾದರೆ ಪೀರಿಯಡ್ ವಾಪಸ್ ಕೊಡುತ್ತೇನೆ.
— ಗಣಿತ ಮೇಷ್ಟ್ರು, ದಾವಣಗೆರೆ

ಮೇಷ್ಟ್ರೇ, ಒಪ್ಪಿಕೊಂಡಿರಲ್ಲ, ಅದಕ್ಕೇ ಅರ್ಧ ಕ್ಷಮೆ. ನನ್ನ ಪೀರಿಯಡ್ ತೆಗೆದುಕೊಂಡವರು ಯಾರೂ ಮೂವತ್ತೊಂದು ವರ್ಷದಲ್ಲಿ ಕಾಗದ ಬರೆದಿಲ್ಲ. ನಾನು ಆಗ ಸ್ಟಾಫ್‌ರೂಮಿನಲ್ಲಿ ಕೂತು ಏನು ಮಾಡುತ್ತಿದ್ದೆ ಗೊತ್ತೇ? ಬೇರೆ ವಿಷಯಗಳವರಿಗೆ ಚಾರ್ಟು ಬರೆದುಕೊಡುವುದು, ಸರ್ಟಿಫಿಕೇಟಿನಲ್ಲಿ ಚಂದದ ಅಕ್ಷರದಲ್ಲಿ ಹೆಸರು ತುಂಬುವುದು, ವಾರ್ಷಿಕೋತ್ಸವಕ್ಕೆ ಥರ್ಮಾಕೋಲಿನಲ್ಲಿ ‘ಸ್ವಾಗತ’ ಕತ್ತರಿಸುವುದು, ಶಿಕ್ಷಣಾಧಿಕಾರಿಗಳು ಬರುವ ದಿನ ಗೇಟಿನ ಮುಂದೆ ರಂಗೋಲಿ. ಶಾಲೆಗೆ ನಾನು ಬೇಕಿತ್ತು, ನನ್ನ ಪಾಠ ಬೇಕಿರಲಿಲ್ಲ.

ಈಗ ನಿಮ್ಮ ವಾಟ್ಸ್ಆ್ಯಪ್ ಸುದ್ದಿಗೆ ಬರೋಣ. ನಿಜ ಹೇಳಿದರೆ ನನಗೇ ನಷ್ಟ, ಆದರೂ ಹೇಳುತ್ತೇನೆ.

1993ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಯುರೋಪಿನ ಸಂಗೀತಗಾರ ಮೊಜಾರ್ಟ್‌ನ ಪಿಯಾನೋ ಸಂಗೀತ ಕೇಳಿಸಿ, ಕಾಗದ ಮಡಚಿ ಕತ್ತರಿಸಿದರೆ ಯಾವ ಆಕಾರ ಬರುತ್ತದೆ ಎಂಬಂಥ ಪ್ರಶ್ನೆ ಕೇಳಿದರು. ಅವರು ಸ್ವಲ್ಪ ಚೆನ್ನಾಗಿ ಉತ್ತರಿಸಿದರು. ಆ ಪರಿಣಾಮ ಉಳಿದದ್ದು ಹತ್ತು–ಹದಿನೈದು ನಿಮಿಷ. ಅಷ್ಟೇ ಸಂಗತಿ. ಅದು ಪತ್ರಿಕೆಯಿಂದ ಪತ್ರಿಕೆಗೆ ಹಾರಿ ‘ಮೊಜಾರ್ಟ್ ಕೇಳಿದರೆ ಮಗು ಬುದ್ಧಿವಂತವಾಗುತ್ತದೆ’ ಅಂತಾಯಿತು. ಆ ಪ್ರಯೋಗದಲ್ಲಿ ಒಂದು ಮಗುವೂ ಇರಲಿಲ್ಲ! 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ಹುಟ್ಟುವ ಪ್ರತಿ ಶಿಶುವಿಗೂ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ ಇಲ್ಲವೇ ಸಿ.ಡಿ. ಹಂಚಲು ಬಜೆಟ್ಟಿನಲ್ಲಿ 1,05,000 ಡಾಲರ್ ಕೇಳಿದರು.

ಆಮೇಲೆ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಝೀರೋ ಎಂಬ ಸಂಶೋಧನಾ ಕೇಂದ್ರದಲ್ಲಿ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಎಂಬ ಇಬ್ಬರು ಹೆಂಗಸರು 1950ರಿಂದ ನಡೆದಿದ್ದ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಜರಡಿ ಹಿಡಿದರು. 2000ನೇ ಇಸವಿಯಲ್ಲಿ ಅದು ಪ್ರಕಟವಾಯಿತು. ತರಗತಿಯಲ್ಲಿ ನಾಟಕ ಆಡಿಸಿದರೆ ಮಕ್ಕಳ ಭಾಷೆ ಸುಧಾರಿಸುತ್ತದೆ, ಅದಕ್ಕೆ ಗಟ್ಟಿ ಪುರಾವೆ ಇದೆ ಅಂದರು. ಸಂಗೀತ ಕಲಿತರೆ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಒಂದಿಷ್ಟು ಹೆಚ್ಚುತ್ತದೆ ಅಂದರು. ಚಿತ್ರಕಲೆಯಿಂದ ಓದಿನ ಅಂಕ ಏರುತ್ತದೆ ಎಂಬುದು ಜರಡಿಯಲ್ಲಿ ನಿಲ್ಲಲಿಲ್ಲ. ಕಲೆಯವರೆಲ್ಲ ಅವರ ಮೇಲೆ ಸಿಟ್ಟಾದರು. ನಾನೂ ಆಗುತ್ತಿದ್ದೆನೇನೋ, ಆದರೆ ನಿಧಾನಕ್ಕೆ ಯೋಚಿಸಿದರೆ ಅವರು ನಮಗೆ ಉಪಕಾರವನ್ನೇ ಮಾಡಿದರು ಅನ್ನಿಸುತ್ತದೆ. ಗಣಿತದ ಅಂಕ ಹೆಚ್ಚಿಸಲಿಕ್ಕೆ ಡ್ರಾಯಿಂಗ್ ಬೇಕು ಅಂತ ನಾವೇ ವಾದಿಸಿದರೆ, ನಾಳೆ ನಿಮ್ಮಂಥ ಜಾಣರು ‘ಹಾಗಾದರೆ ಆ ಹೊತ್ತಿನಲ್ಲಿ ಗಣಿತವನ್ನೇ ಮಾಡಿದರೆ ಇನ್ನೂ ಹೆಚ್ಚುತ್ತದಲ್ಲ’ ಅನ್ನುತ್ತೀರಿ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಇತಿಹಾಸ ಓದಿದರೆ ರಸಾಯನಶಾಸ್ತ್ರದಲ್ಲಿ ಅಂಕ ಬರುತ್ತದೆಯೇ ಅಂತ ಯಾರಾದರೂ ಕೇಳುತ್ತಾರೆಯೇ? ನಮ್ಮನ್ನು ಮಾತ್ರ ಕೇಳುತ್ತಾರೆ.

ಆದ್ದರಿಂದ ಅಂಕದ ಆಸೆ ತೋರಿಸಿ ಪೀರಿಯಡ್ ವಾಪಸ್ ಕೇಳಲಾರೆ. ಒಂದು ಮಾಡಿ. ಮುಂದಿನ ಸಲ ನನ್ನಂಥವಳ ಪೀರಿಯಡ್ಡಿಗೆ ಹೋದಾಗ ಸೀಮೆಸುಣ್ಣ ಕೆಳಗಿಟ್ಟು, ಹುಡುಗರ ಜೊತೆ ಕೂತು ನೀವೂ ಒಂದು ತಂಬಿಗೆ ಬರೆಯಿರಿ. ಗಣಿತದಲ್ಲಿ ಯಾವಾಗಲೂ ನಪಾಸಾಗುವ ಹುಡುಗನೊಬ್ಬ ನಿಮಗಿಂತ ಚೆನ್ನಾಗಿ ಬರೆದಿರುತ್ತಾನೆ. ಆ ದಿನ ಅವನ ಮುಖವನ್ನೂ ನೋಡಿ.

ಪ್ರಶ್ನೆ: ಟೀಚರ್, ನಮ್ಮ ಶಾಲೆಯಲ್ಲಿ ದಿನಾ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ನಿಜವಾದ ಸಂವಿಧಾನದಲ್ಲಿ ಚಿತ್ರಗಳೂ ಇವೆ ಅಂತ ನಮ್ಮ ಮಾವ ಹೇಳಿದರು. ಹೌದಾ?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಕೊಪ್ಪಳ

ಹೌದು ಮರಿ, ಮಾವ ಹೇಳಿದ್ದು ಸರಿ. ಮೂಲಪ್ರತಿಯನ್ನು ಟೈಪು ಮಾಡಿಸಲಿಲ್ಲ. ಪ್ರೇಮ್ ಬಿಹಾರಿ ನಾರಾಯಣ ರಾಯಜಾದಾ ಎಂಬವರು ಇಡೀ ಸಂವಿಧಾನವನ್ನು ಕೈಯಲ್ಲೇ ಬರೆದರು. ಅದರ ಪುಟಗಳಿಗೆ ಚಿತ್ರ ಬರೆದದ್ದು ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಬೋಸರು ಆಗ ಶಾಂತಿನಿಕೇತನದ ಕಲಾಭವನದಲ್ಲಿದ್ದರು. ಅದನ್ನು 1919ರಲ್ಲಿ ಶುರು ಮಾಡಿದ್ದು ರವೀಂದ್ರನಾಥ ಠಾಕೂರರು. ಓದು ಒಂದು ಕಡೆ, ಹಾಡು–ಚಿತ್ರ ಇನ್ನೊಂದು ಕಡೆ ಅಂತ ಅವರು ಬೇಲಿ ಹಾಕಲಿಲ್ಲ. ನೀನು ದಿನಾ ಓದುವ ಪೀಠಿಕೆಯ ಪುಟದ ಅಂಚಿನ ಚಿತ್ತಾರ ಬರೆದದ್ದು ಬ್ಯೋಹಾರ್ ರಾಮಮನೋಹರ ಸಿಂಹ, ಬೋಸರ ಶಿಷ್ಯ. ನಿಮ್ಮ ಶಾಲೆಯ ಗೋಡೆಯಲ್ಲಿ ಮೂಲಪುಟದ ಫೋಟೊ ಇದ್ದರೆ ಅಂಚನ್ನು ಹತ್ತಿರದಿಂದ ನೋಡು. ಒಂದು ಮೂಲೆಯನ್ನು ನೋಡಿ ಬರೆದು ನನಗೆ ಕಳಿಸು. ಪೆನ್ಸಿಲಿನಲ್ಲೇ ಇರಲಿ, ರಬ್ಬರ್ ಜಾಸ್ತಿ ಉಜ್ಜಬೇಡ.

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ನಮ್ಮದಕ್ಕೆ ‘ಕಲಾ ವಿಭಾಗ’ ಅನ್ನುತ್ತಾರೆ. ಎಲ್ಲಿದೆ ಕಲೆ? ಎರಡು ವರ್ಷದಲ್ಲಿ ಒಂದು ಗೆರೆ ಎಳೆದಿಲ್ಲ, ಒಂದು ಹಾಡು ಕೇಳಿಲ್ಲ. ಹೆಸರು ಯಾಕೆ ಹೀಗಾಯಿತು ಅಕ್ಕಾ?
— ವಿದ್ಯಾರ್ಥಿನಿ, ಶಿರಸಿ

ಈ ಪ್ರಶ್ನೆಗೆ ಕಾಯುತ್ತಿದ್ದೆ ಮಗೂ. ನಮ್ಮೂರುಗಳಲ್ಲಿ ‘ಆರ್ಟ್ಸ್ ತಗೊಂಡ’ ಅಂದರೆ ‘ಸೈನ್ಸ್ ಸಿಗಲಿಲ್ಲ’ ಅಂತ ಅರ್ಥ. ಚಿತ್ರ ಬರೆಯುತ್ತಾನೆ ಅಂತ ಯಾರಿಗೂ ಹೊಳೆಯುವುದೇ ಇಲ್ಲ.

ಹಳೆಯ ರೋಮಿನವರು ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆಗಳು ಅಂತ ಒಂದು ಗುಂಪು ಮಾಡಿದರು. ‘ಲಿಬರಲ್ ಆರ್ಟ್ಸ್’ ಎಂಬ ಮಾತು ಅಲ್ಲಿಯದು. ಆ ‘ಆರ್ಟ್ಸ್’ ಅಂದರೆ ವಿದ್ಯೆಗಳು, ಅದನ್ನೇ ನಾವು ‘ಕಲಾ’ ಅಂದೆವು. ಸ್ವತಂತ್ರ ಅಂದರೆ ಗುಲಾಮನಲ್ಲದವನು, ಹೊಟ್ಟೆಪಾಡಿಗೆ ಕೈಕೆಲಸ ಮಾಡದವನು. ಮಧ್ಯಯುಗದ ಹೊತ್ತಿಗೆ ಅವು ಏಳು ಅಂತ ನಿಂತವು: ವ್ಯಾಕರಣ, ತರ್ಕ, ಮಾತುಗಾರಿಕೆ, ಆಮೇಲೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಸಂಗೀತ ಇದೆಯಲ್ಲ ಅಂತ ಖುಷಿಪಡಬೇಡ. ಅದು ತಂತಿಯ ಉದ್ದಕ್ಕೂ ಸ್ವರಕ್ಕೂ ಇರುವ ಲೆಕ್ಕದ ಶಾಸ್ತ್ರ, ಹಾಡುವುದಲ್ಲ. ಚಿತ್ರ, ಶಿಲ್ಪ ಪಟ್ಟಿಯಲ್ಲೇ ಇಲ್ಲ. ಯಾಕೆ? ಕೈ ಕೊಳೆಯಾಗುತ್ತದೆ. ಚಿತ್ರವನ್ನೂ ಈ ಸಾಲಿಗೆ ಸೇರಿಸಿ ಅಂತ ಸಾಕ್ಷಾತ್ ಲಿಯೊನಾರ್ಡೊ ಡ ವಿಂಚಿಯೇ ವಾದಿಸಬೇಕಾಯಿತು.

ನಮ್ಮಲ್ಲಿ ಹಾಗಿರಲಿಲ್ಲ, ಅರವತ್ತನಾಲ್ಕು ಕಲೆ ಇದ್ದವು ಅಂತ ಯಾರಾದರೂ ಎದೆ ತಟ್ಟುತ್ತಾರೆ. ಇದ್ದವು, ಸುಳ್ಳಲ್ಲ. 2020ರ ಶಿಕ್ಷಣ ನೀತಿಯೂ ಬಾಣಭಟ್ಟನ ಹೆಸರು ಹೇಳಿ ಆ ಅರವತ್ತನಾಲ್ಕನ್ನು ನೆನೆಯುತ್ತದೆ. ವಾತ್ಸ್ಯಾಯನನ ಪಟ್ಟಿ ಓದಲು ಮಜವಾಗಿದೆ: ಹಾಡು, ವಾದ್ಯ, ಕುಣಿತ, ಚಿತ್ರ, ಅಡುಗೆ, ಬಡಗಿ ಕೆಲಸ, ಒಗಟು, ಕೊನೆಗೆ ಗಿಣಿಗೆ ಮಾತು ಕಲಿಸುವುದೂ ಉಂಟು. ಆದರೆ ಪಟ್ಟಿಯಲ್ಲಿ ಬಡಗಿ ಕೆಲಸ ಇದ್ದ ಮಾತ್ರಕ್ಕೆ ಬಡಗಿಯನ್ನು ಚಾವಡಿಗೆ ಕರೆದು ಕೂರಿಸಿದರೇ? ಬೇಲೂರಿನ ಗೋಡೆ ಕಡೆದ ಕೈಗಳ ಮಕ್ಕಳು, ಅರಮನೆಗೆ ಚಿತ್ರ ಬರೆದವರ ಮಕ್ಕಳು ಅಂತ ಜಾತಿಗಳೇ ಆಗಿ ಉಳಿದರು. ಓದು ಒಂದು ಓಣಿಯಲ್ಲಿ, ಕೈ ಇನ್ನೊಂದು ಓಣಿಯಲ್ಲಿ. ರೋಮಿನವರ ಬೇಲಿಗೂ ನಮ್ಮ ಬೇಲಿಗೂ ನನಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ನಿನ್ನ ಕಾಲೇಜಿನ ‘ಕಲಾ ವಿಭಾಗ’ದಲ್ಲಿ ಒಂದು ಕುಂಚವೂ ಇಲ್ಲದಿರುವುದಕ್ಕೆ ಈ ಎರಡೂ ಬೇಲಿಗಳು ಸೇರಿ ಕಾರಣ.

ಬೇಲಿ ದಾಟಿದವರೂ ಇದ್ದಾರೆ. ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅಲ್ಲಿಗೂ ನಿಲ್ಲಲಿಲ್ಲ, ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ಊಟಿಯ ಬೆಟ್ಟಗಳ ಮೇಲಿನ ಮಂಜು, ಬೆಳಕು ಹೇಗೆ ಬದಲಾಗುತ್ತದೆ ಅಂತ ಜಲವರ್ಣದಲ್ಲಿ ಹಿಡಿದಿದ್ದಾರೆ. ಬೆಂಗಳೂರಿಗೆ ಹೋದಾಗ ಶಾಪಿಂಗ್ ಮಾಲಿಗೆ ಹೋಗುವ ಮುಂಚೆ ಅಲ್ಲಿಗೊಂದು ಗಂಟೆ ಹೋಗು. ನಿನ್ನ ಇತಿಹಾಸದ ಮೇಷ್ಟ್ರನ್ನೂ ಎಳೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಎಂಜಿನಿಯರಿಂಗಿನಲ್ಲಿ ನಮಗೂ ಒಂದು ಮಾನವಿಕ ಪೇಪರ್ ತುರುಕಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುತ್ತೇವೆ. ಇದರಿಂದ ಯಾರಿಗೆ ಏನು ಲಾಭ?
— ವಿದ್ಯಾರ್ಥಿ, ಹುಬ್ಬಳ್ಳಿ

ಒಂದೇ ರಾತ್ರಿಯಲ್ಲಿ ಓದಿ ಮುಗಿಸುವಂತಿದ್ದರೆ ಯಾರಿಗೂ ಲಾಭವಿಲ್ಲ. ನಿಮ್ಮ ಸಿಟ್ಟು ಸರಿಯಾಗಿದೆ, ಗುರಿ ತಪ್ಪಿದೆ. ಸಿಲೆಬಸ್ ಮಾಡಿದವರಿಗೆ ಬರೆಯಿರಿ: ಪೇಪರ್ ತೆಗೆಯಿರಿ, ಅದರ ಬದಲು ಒಂದು ಸಣ್ಣ ನಾಟಕ ಕಟ್ಟಲು ಕೊಡಿ ಅಂತ. ಹಿಂದಿನ ರಾತ್ರಿ ನಾಟಕ ಕಲಿತು ರಂಗ ಹತ್ತಿದರೆ ಏನಾಗುತ್ತದೆ ಅಂತ ಹುಬ್ಬಳ್ಳಿ–ಧಾರವಾಡದವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವೈದ್ಯಕೀಯ ಮಕ್ಕಳಿಗೂ ಕಲೆ ಬೇಕು ಅಂತ ಸೆಮಿನಾರುಗಳಲ್ಲಿ ಹೇಳುತ್ತಾರೆ. ಹೇಗೆ, ಎಷ್ಟು ಹೊತ್ತು ಅಂತ ಯಾರೂ ಹೇಳುವುದಿಲ್ಲ.
— ಉಪನ್ಯಾಸಕಿ, ಮಂಗಳೂರು

ಇದಕ್ಕೆ ನನ್ನ ಹತ್ತಿರ ಒಂದು ಗಟ್ಟಿ ಉದಾಹರಣೆ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞ ಅರ್ವಿನ್ ಬ್ರೇವರ್‌ಮನ್ ಅವರಿಗೆ ನಿಮ್ಮಂಥದ್ದೇ ಚಿಂತೆ. ಹುಡುಗರು ರೋಗಿಯನ್ನು ನೋಡುವುದೇ ಇಲ್ಲ, ನೋಡುವ ಮುಂಚೆಯೇ ರೋಗದ ಹೆಸರು ಹೇಳಿಬಿಡುತ್ತಾರೆ ಅಂತ. ಅದೇ ವಿಶ್ವವಿದ್ಯಾಲಯದ ಚಿತ್ರಶಾಲೆಯ ಲಿಂಡಾ ಫ್ರೀಡ್‌ಲೆಂಡರ್ ಎಂಬವರ ಜೊತೆ ಸೇರಿ ಒಂದು ಉಪಾಯ ಮಾಡಿದರು. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಹಳೆಯ ಬ್ರಿಟಿಷ್ ವರ್ಣಚಿತ್ರ. ಅದರ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು. ಆಮೇಲೆ ಕಂಡದ್ದನ್ನೆಲ್ಲ ಹೇಳಬೇಕು. ‘ಈ ಹೆಂಗಸು ದುಃಖದಲ್ಲಿದ್ದಾಳೆ’ ಅನ್ನುವಂತಿಲ್ಲ. ಕಣ್ಣು ಎಲ್ಲಿದೆ, ಕೈ ಹೇಗಿದೆ, ಬೆಳಕು ಎತ್ತಲಿಂದ ಬಿದ್ದಿದೆ ಅನ್ನಬೇಕು. ಚಿತ್ರದ ಹಿಂದಿನ ಕಥೆ ಗೊತ್ತಿಲ್ಲದಿದ್ದರೇ ಒಳ್ಳೆಯದು, ಗೊತ್ತಿದ್ದವರು ನೋಡುವುದನ್ನು ಬಿಡುತ್ತಾರೆ. ಇದನ್ನು ಮಾಡಿದವರು ಆಮೇಲೆ ರೋಗಿಗಳ ಫೋಟೊ ನೋಡಿ, ಮಾಡದವರಿಗಿಂತ ಹೆಚ್ಚು ವಿವರ ಗುರುತಿಸಿದರು. 2001ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಓದಿದಾಗ ನನಗೆ ನೆನಪಾದದ್ದು ತಂಬಿಗೆಯ ಬಾಯೇ.

ನೀವು ಮಂಗಳೂರಿನವರು, ಯೇಲ್‌ಗೆ ಹೋಗಬೇಕಾಗಿಲ್ಲ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆಯಲ್ಲ? 1899ರ ಹೊತ್ತಿಗೆ ಅಲ್ಲಿಗೆ ಬಂದ ಇಟಲಿಯ ಅಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಕಲಾವಿದರು ಗೋಡೆ, ಚಾವಣಿಯನ್ನೆಲ್ಲ ಚಿತ್ರದಿಂದ ತುಂಬಿಬಿಟ್ಟಿದ್ದಾರೆ. ನಿಮ್ಮ ಹುಡುಗಿಯರನ್ನು ಅನುಮತಿ ಪಡೆದು ಕರೆದುಕೊಂಡು ಹೋಗಿ. ಎಲ್ಲ ಚಿತ್ರ ತೋರಿಸಬೇಡಿ, ಅದು ಪ್ರವಾಸವಾಗುತ್ತದೆ. ಒಬ್ಬಳಿಗೆ ಒಂದೇ ಚಿತ್ರ, ಹತ್ತು ನಿಮಿಷ, ಮೊಬೈಲ್ ಚೀಲದಲ್ಲಿ. ನಾಲ್ಕನೇ ನಿಮಿಷಕ್ಕೆ ಬೇಜಾರಾಗುತ್ತದೆ, ಆರನೇ ನಿಮಿಷಕ್ಕೆ ಏನೋ ಹೊಸದು ಕಾಣುತ್ತದೆ. ಇದು ನನ್ನ ತರಗತಿಯ ಲೆಕ್ಕ, ಯೇಲಿನದಲ್ಲ.

ಪ್ರಶ್ನೆ: ಈಗ ಎಐಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಚಿತ್ರ ಬರೆದುಕೊಡುತ್ತದೆ. ಇನ್ನು ಮಕ್ಕಳು ಡ್ರಾಯಿಂಗ್ ಕಲಿಯುವುದು ಯಾಕೆ?
— ಓದುಗ, ಬೆಂಗಳೂರು

ಕ್ಯಾಲ್ಕುಲೇಟರ್ ಬಂದು ಐವತ್ತು ವರ್ಷ ದಾಟಿತು. ಗಣಿತದ ಪೀರಿಯಡ್ಡನ್ನು ಯಾರೂ ನನಗೆ ಬಿಟ್ಟುಕೊಟ್ಟಿಲ್ಲ.

ಪ್ರಶ್ನೆ: ನಮ್ಮದು ಸಾಗರದ ಕಡೆಯ ಹಳ್ಳಿ ಶಾಲೆ. ಡ್ರಾಯಿಂಗ್ ಟೀಚರ್ ಹುದ್ದೆಯೇ ಇಲ್ಲ. ಬಣ್ಣ ತರಿಸಲು ಅನುದಾನವಿಲ್ಲ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಸ್ಮಾರ್ಟ್ ಕ್ಲಾಸಿನ ಟಿ.ವಿ. ಕೊಡಿಸಿದ್ದಾರೆ, ಅದರಲ್ಲಿ ಕಲೆಯ ವಿಡಿಯೊ ತೋರಿಸಿದರೆ ಸಾಕೇ?
— ಮುಖ್ಯ ಶಿಕ್ಷಕ

ಸಾಕಾಗುವುದಿಲ್ಲ ಸರ್. ವಿಡಿಯೊ ನೋಡಿ ಯಾರೂ ಈಜು ಕಲಿತಿಲ್ಲ.

ನೀವಿರುವುದು ಎಂಥ ಊರಿನಲ್ಲಿ ಅಂತ ಸ್ವಲ್ಪ ಹೊರಗೆ ಬಂದು ನೋಡಿ. ಪಕ್ಕದ ಹೆಗ್ಗೋಡಿನಲ್ಲಿ ಅಡಿಕೆ ಬೆಳೆಗಾರರು 1949ರಲ್ಲಿ ಕಟ್ಟಿದ ನಾಟಕ ಸಂಘ, ಅದೇ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ತೆರೆಯಿತು. ಆ ಸಂಘವನ್ನು ನಡೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ಸುಲಿಯುವವರು, ಮರ ಹತ್ತಿ ಕೊನೆ ತೆಗೆಯುವವರು ಸಂಜೆ ಬಂದು ಷೇಕ್ಸ್‌ಪಿಯರ್ ನೋಡಿ, ಮನೆಗೆ ಹೋಗುತ್ತ ದಾರಿಯಲ್ಲಿ ಅದರ ಮೇಲೆ ಜಗಳವಾಡಿದ ಊರು ಅದು. ಆ ಜಗಳಕ್ಕೆ ಯಾರೂ ಡಿಗ್ರಿ ಕೇಳಲಿಲ್ಲ. ಅಲ್ಲಿಂದ ಯಾರನ್ನಾದರೂ ಕರೆದು ಮಕ್ಕಳಿಂದ ಒಂದು ನಾಟಕ ಆಡಿಸಬಹುದು, ಕೇಳಿ ನೋಡಿ.

ಚಿತ್ರಕ್ಕೆ ಅಷ್ಟು ದೂರವೂ ಹೋಗಬೇಕಿಲ್ಲ. ನಿಮ್ಮ ಊರಿನಲ್ಲಿ ದೀವರ ಸಮುದಾಯದ ಮನೆಗಳಿರಬೇಕು. ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಅಜ್ಜಿ ಒಬ್ಬರಾದರೂ ಇದ್ದೇ ಇರುತ್ತಾರೆ. ಮದುವೆಗೆ ಹಸೆಗೋಡೆ ಬರೆದ ಕೈ ಅದು. ಅವರನ್ನು ಮರ್ಯಾದೆಯಿಂದ ಕರ್ಕೊಂಡು ಬನ್ನಿ. ‘ಸಂಪನ್ಮೂಲ ವ್ಯಕ್ತಿ’ ಅಂತೆಲ್ಲ ಬ್ಯಾನರ್ ಹಾಕಿ ಹೆದರಿಸಬೇಡಿ. ಒಂದು ಕುರ್ಚಿ, ಒಂದು ಲೋಟ ಕಾಫಿ, ಎಲೆ–ಅಡಿಕೆ ಇರಲಿ.

ಬಣ್ಣಕ್ಕೆ ಅನುದಾನ ಬೇಡ. ಗೋಡೆಗೆ ಕೆಮ್ಮಣ್ಣು ಸಾರಿಸುತ್ತಾರೆ. ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಹಿಟ್ಟು, ಕಪ್ಪಿಗೆ ಕರಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚಕ್ಕೆ ಪುಂಡಿ ನಾರು. ಸ್ಕೇಲಿಲ್ಲ, ರಬ್ಬರಿಲ್ಲ. ನಾನು ಡ್ರಾಯಿಂಗ್ ಪರೀಕ್ಷೆಯ ಲೋಯರ್, ಹೈಯರ್ ಎರಡೂ ಗ್ರೇಡ್ ಪಾಸಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಬ್ಬ ಅಜ್ಜಿಯ ಪಕ್ಕ ಕೂತು ಒಂದು ಎಳೆ ಎಳೆಯಲು ಹೋದೆ. ಮೊಳದುದ್ದ ಹೋಗುವಷ್ಟರಲ್ಲಿ ಗೆರೆ ಹಾವಾಯಿತು. ಅಜ್ಜಿ ನಗಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಒಂದಿಷ್ಟು ಕೆಮ್ಮಣ್ಣು ಸವರಿ, ‘ಇನ್ನೊಂದ್ಸಲ ಎಳಿ ಮಗಾ, ಉಸಿರು ಬಿಗಿ ಹಿಡೀಬೇಡ’ ಅಂದರು. ಆ ಮಧ್ಯಾಹ್ನ ಹನ್ನೊಂದು ಸಲ ಒರೆಸಿದರು.

ನಿಮ್ಮ ಮಕ್ಕಳದ್ದೂ ಹಾವಾಗುತ್ತದೆ. ಶಾಲೆಯ ಹಿಂದಿನ ಗೋಡೆ ಕೊಡಿ, ಮುಂದಿನದು ಬೇಡ. ಮುಂದಿನ ಗೋಡೆ ಕೊಟ್ಟರೆ ಸಾಹೇಬರು ಬರುತ್ತಾರೆ ಅಂತ ನೀವೇ ತಿದ್ದಲು ಹೋಗುತ್ತೀರಿ. ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ ಶುರು ಮಾಡಿ. ಪುಂಡಿ ನಾರು ಸಿಗದಿದ್ದರೆ ಒಂದು ಕಾರ್ಡು ಬರೆಯಿರಿ, ನಮ್ಮ ಹಿತ್ತಿಲಲ್ಲಿ ನಾಲ್ಕು ಗಿಡ ಇದೆ, ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ.